ಪಿನ್ನು ಮತ್ತು ಪಿಸ್ತೂಲು

ನಮ್ಮ ಸೀರೆಗೆ ಜೇಬಿಲ್ಲ. ಗಂಡಸರ ಅಂಗಿಗೊಂದು, ಪ್ಯಾಂಟಿಗೆ ಮೂರು, ಕೋಟಿಗೆ ಒಳಗೊಂದು ಹೊರಗೆರಡು ಎಂದು ಧಾರಾಳವಾಗಿ ಜೇಬು ಹೊಲಿದುಕೊಟ್ಟ ದರ್ಜಿ, ಹೆಂಗಸಿನ ಬಟ್ಟೆಗೆ ಬಂದಾಗ ಮಾತ್ರ ಕೈ ಬಿಗಿಹಿಡಿದ. ಆದರೂ ಮುಚ್ಚಿಟ್ಟುಕೊಳ್ಳಬೇಕಾದ್ದನ್ನು ನಾವು ಮುಚ್ಚಿಟ್ಟುಕೊಂಡೇ ಬಂದಿದ್ದೇವೆ. ನನ್ನ ಅಜ್ಜಿಯ ಸೊಂಟದಲ್ಲಿ ಎಲೆಯಡಿಕೆಯ ಸಂಚಿ ಇರುತ್ತಿತ್ತು. ಅದರ ಒಳಪದರದಲ್ಲಿ ತಾತನಿಗೂ ಗೊತ್ತಿಲ್ಲದ ದುಡ್ಡು. ಅಮ್ಮ ಸೆರಗಿನ ತುದಿಗೆ ಗಂಟು ಹಾಕುತ್ತಿದ್ದಳು. ನಾವು ಕಾಲೇಜಿಗೆ ಹೋಗುವ ಹೊತ್ತಿಗೆ ರವಿಕೆಯೊಳಗಿನ ಪುಟ್ಟ ಪರ್ಸು ಬಂತು. ಇವೆಲ್ಲದರ ಜೊತೆಗೆ ಇನ್ನೊಂದು ವಸ್ತುವಿತ್ತು. ಅದನ್ನು ಮುಚ್ಚಿಡುವ ಅಗತ್ಯವೇ ಇರಲಿಲ್ಲ. ಎಲ್ಲರ ಕಣ್ಣೆದುರಿಗೇ ಇದ್ದರೂ ಯಾರೂ ಅದನ್ನು ಆಯುಧವೆಂದು ಎಣಿಸುತ್ತಿರಲಿಲ್ಲ. ಅದು ಸೇಫ್ಟಿ ಪಿನ್ನು.

ಬಸ್ಸಿನಲ್ಲಿ ಓಡಾಡಿದ ಯಾವ ಹೆಣ್ಣಿಗೂ ಇದನ್ನು ವಿವರಿಸಬೇಕಾಗಿಲ್ಲ. ಸೆರಗಿಗೆ ಒಂದು, ಬಳೆಗೆ ಸಿಕ್ಕಿಸಿದ್ದು ಎರಡು. ನೂಕುನುಗ್ಗಲಿನಲ್ಲಿ ಹಿಂದಿನಿಂದ ಯಾವುದಾದರೂ ಮೈ ಬೇಕೆಂದೇ ಒತ್ತಿಕೊಂಡು ಬಂದರೆ ಬಳೆಯ ಪಿನ್ನು ಬಾಯಿ ತೆರೆಯುತ್ತಿತ್ತು. ಇದನ್ನು ನಮಗೆ ಯಾರೂ ಪಾಠ ಮಾಡಿ ಹೇಳಿಕೊಡಲಿಲ್ಲ. ಹಿರಿಯ ಹುಡುಗಿಯರನ್ನು ನೋಡಿ ಕಲಿತೆವು.

ಆ ಪಿನ್ನಿನ ಒಂದು ಕತೆಯಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಎಷ್ಟೋ ವರ್ಷ ಮರೆತಿದ್ದ ಆ ಕತೆ ನನಗೆ ಮತ್ತೆ ನೆನಪಾದದ್ದು ನಮ್ಮೂರಿನಿಂದ ಬಹಳ ದೂರದಲ್ಲಿ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿರುವ ಮಗಳ ಮನೆಯ ಅಡಿಗೆಮನೆಯಲ್ಲಿ.

2022ರ ಮೇ ತಿಂಗಳಲ್ಲಿ ನಾನು ಅಲ್ಲಿಗೆ ಹೋದೆ. ಮಗಳು ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ವಾರಕ್ಕೆ ಮೂರು ದಿನ ರಾತ್ರಿ ಪಾಳಿ, ಸಂಜೆ ಏಳರಿಂದ ಬೆಳಿಗ್ಗೆ ಏಳು. ಅಳಿಯ ತಿಂಗಳಲ್ಲಿ ಹತ್ತು ದಿನ ಊರೂರು ತಿರುಗುವ ಕೆಲಸದವನು. ಮೂರು ವರ್ಷದ ಮೊಮ್ಮಗನನ್ನು ನೋಡಿಕೊಳ್ಳಲು ಆರು ತಿಂಗಳ ಮಟ್ಟಿಗೆ ಅಜ್ಜಿಯ ಆಮದು! ಒಂದು ಬೆಳಿಗ್ಗೆ ಮಗಳು ಪಾಳಿ ಮುಗಿಸಿ ಬಂದು ಮಲಗಿದ್ದಳು. ಹುಡುಗನ ಮೈ ಬೆಚ್ಚಗಿತ್ತು. ಜ್ವರ ನೋಡುವ ಕಡ್ಡಿ ಅವಳ ಬ್ಯಾಗಿನಲ್ಲಿರಬಹುದೆಂದು, ಅಡಿಗೆಮನೆಯ ಕುರ್ಚಿಗೆ ನೇತುಹಾಕಿದ್ದ ವ್ಯಾನಿಟಿ ಬ್ಯಾಗಿಗೆ ಕೈಹಾಕಿದೆ. ಕೈಗೆ ಸಿಕ್ಕದ್ದು ತಣ್ಣಗಿನ, ಭಾರವಾದ ಒಂದು ವಸ್ತು. ಏನೆಂದು ಕೈಗೆ ಗೊತ್ತಾದ ಮೇಲೂ ಮನಸ್ಸು ಒಪ್ಪಲಿಲ್ಲ. ಸಿನಿಮಾದಲ್ಲಿ ಬಿಟ್ಟು ಬೇರೆಲ್ಲೂ ಪಿಸ್ತೂಲು ನೋಡದ ನಾನು, ಅದನ್ನು ಅಲ್ಲೇ ಬಿಟ್ಟು, ಬ್ಯಾಗನ್ನು ಫ್ರಿಜ್ಜಿನ ಮೇಲಿಟ್ಟು, ಹುಡುಗನನ್ನು ಎತ್ತಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕೂತೆ. ಅವಳು ಏಳುವವರೆಗೂ ಒಳಗೆ ಹೋಗಲಿಲ್ಲ.

"ಅಮ್ಮ, ನಿನಗೆ ಹೇಳಬೇಕು ಅಂತಿದ್ದೆ" ಎಂದಳು. ಹೇಳಬೇಕೆಂದಿದ್ದವಳು ಎರಡು ವರ್ಷದಿಂದ ಹೇಳಿರಲಿಲ್ಲ. ವಾರವಾರ ಫೋನಿನಲ್ಲಿ ಹುಳಿಗೆ ಏನು ಹಾಕಿದೆ, ಮಗು ಏನು ತಿಂದ ಎಂಬುದನ್ನೆಲ್ಲ ಹೇಳುತ್ತಿದ್ದ ಮಗಳು!

ಕಾರಣ ಇಷ್ಟು. ಒಂದು ದಿನ ಪಾಳಿ ಬೇಗ ಮುಗಿದು, ಬೆಳಗಿನ ಜಾವ ನಾಲ್ಕು ಗಂಟೆಗೆ ಅವಳು ಆಸ್ಪತ್ರೆಯ ಬಹುಮಹಡಿ ಕಾರುನಿಲ್ದಾಣಕ್ಕೆ ಬಂದಿದ್ದಾಳೆ. ಕಾರಿನೊಳಗೆ ಕೂತು ಬಾಗಿಲು ಹಾಕಿದ ಮರುಕ್ಷಣ, ಯಾರೋ ಒಬ್ಬ ಪಕ್ಕದ ಬಾಗಿಲಿನ ಹಿಡಿ ಹಿಡಿದು ಎಳೆದಿದ್ದಾನೆ. ಒಂದು ಸಲ, ಎರಡು ಸಲ. ಆಮೇಲೆ ಗಾಜಿಗೆ ಮುಖವಿಟ್ಟು ಒಳಗೆ ನೋಡಿದ್ದಾನೆ. ನೋಡಿ, ಏನೋ ಅಂದು, ಹೊರಟುಹೋಗಿದ್ದಾನೆ.

"ಆಮೇಲೆ?"

"ಆಮೇಲೆ ಏನೂ ಆಗಲಿಲ್ಲ ಅಮ್ಮ."

ಏನೂ ಆಗಲಿಲ್ಲ ಎಂಬ ಆ ಮಾತನ್ನು ಹೇಳುವಾಗ ಅವಳ ಕೈ ಕುತ್ತಿಗೆಗೆ ಹೋಯಿತು. ಚಿಕ್ಕಂದಿನಲ್ಲಿ ಹೆದರಿದಾಗಲೂ ಹೀಗೇ ಮಾಡುತ್ತಿದ್ದಳು. ನಮ್ಮ ಬದುಕಿನಲ್ಲೂ ಏನೂ ಆಗದ ಘಟನೆಗಳು ಎಷ್ಟಿವೆ, ನೀವೇ ಲೆಕ್ಕ ಹಾಕಿ. ಏನೂ ಆಗಲಿಲ್ಲ, ಆದರೆ ಆ ಬೀದಿಯಲ್ಲಿ ಮತ್ತೆ ನಡೆಯಲಿಲ್ಲ. ಏನೂ ಆಗಲಿಲ್ಲ, ಆದರೆ ಸಂಗೀತದ ಪಾಠ ಬಿಟ್ಟೆವು. ಮಗಳು ಕೆಲಸ ಬಿಡಲಿಲ್ಲ, ಪಿಸ್ತೂಲು ಕೊಂಡಳು. ಅದಕ್ಕಾಗಿ ಅವಳನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ.

ಟೆಕ್ಸಸ್ಸಿನಲ್ಲಿ ಇದಕ್ಕೆ ದೊಡ್ಡ ಸಾಹಸವೇನೂ ಬೇಕಿಲ್ಲ. 2021ರ ಸೆಪ್ಟೆಂಬರಿನಿಂದ ಅಲ್ಲಿ ಇಪ್ಪತ್ತೊಂದು ದಾಟಿದ, ಕಾನೂನಿನ ಅಡ್ಡಿಯಿಲ್ಲದ ಯಾರೂ ಲೈಸೆನ್ಸಿನ ಹಂಗಿಲ್ಲದೆ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಕೆಲವು ಅಂಗಡಿ, ಕಚೇರಿಗಳ ಬಾಗಿಲಲ್ಲಿ ಒಳಗೆ ಬಂದೂಕು ತರಕೂಡದೆಂದು ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ದೊಡ್ಡ ಅಕ್ಷರದ ಬೋರ್ಡು ಹಾಕಿರುತ್ತಾರೆ. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟು ಒಳಗೆ ಬನ್ನಿ ಎಂದ ಹಾಗೆ. ಬೋರ್ಡಿಲ್ಲದ ಅಂಗಡಿಯಲ್ಲಿ ಟೊಮ್ಯಾಟೊ ಆರಿಸುತ್ತಿರುವ ಪಕ್ಕದ ಹೆಂಗಸಿನ ಜೇಬಿನಲ್ಲಿ ಏನಿದೆಯೋ ಹೇಳುವಂತಿಲ್ಲ. ನಾನು ಹೋದ ತಿಂಗಳಲ್ಲೇ, ಮೇ 24ರಂದು, ಅದೇ ರಾಜ್ಯದ ಯುವಾಲ್ಡಿ ಎಂಬ ಊರಿನ ಶಾಲೆಯಲ್ಲಿ ಹತ್ತೊಂಬತ್ತು ಮಕ್ಕಳನ್ನೂ ಇಬ್ಬರು ಉಪಾಧ್ಯಾಯಿನಿಯರನ್ನೂ ಒಬ್ಬ ಹುಡುಗ ಗುಂಡಿಟ್ಟು ಕೊಂದಿದ್ದ. ಟಿವಿಯಲ್ಲಿ ಅದನ್ನು ನೋಡಿ ನಾನೂ ಮಗಳೂ ಒಟ್ಟಿಗೆ ಅತ್ತಿದ್ದೆವು. ಅತ್ತ ಮೇಲೆ ಇಬ್ಬರಿಗೂ ಅನ್ನಿಸಿದ್ದು ಬೇರೆಬೇರೆ ಎಂಬುದು ನನಗೆ ಆಗ ಗೊತ್ತಾಗಿರಲಿಲ್ಲ.

ಬ್ಯಾಗಿನ ಪ್ರಸಂಗವಾದ ಮೇಲೆ ಅವಳು ಅದನ್ನು ಜೇಬಿಗೆ ಬದಲಾಯಿಸಿದಳು. ಜೇಬಿನಲ್ಲಿ ಪಿಸ್ತೂಲು ಇಡುವುದಕ್ಕೂ ಒಂದು ಶಾಸ್ತ್ರವಿದೆ ಎಂದು ನನಗೆ ಆಗ ತಿಳಿಯಿತು. ಜೇಬಿಗೆಂದೇ ಮಾಡಿದ ಪಿಸ್ತೂಲು ಅಂಗೈಯಷ್ಟೇ ಇರುತ್ತದೆ. ಗುಂಡು ತುಂಬದಿದ್ದರೆ ಮುನ್ನೂರು ಗ್ರಾಮಿನ ಆಸುಪಾಸು. ಅದನ್ನು ಹಾಗೇ ಜೇಬಿಗೆ ತುರುಕುವಂತಿಲ್ಲ. ಟ್ರಿಗರ್ ಮುಚ್ಚುವಂಥ ಪುಟ್ಟ ಒರೆಯೊಂದರಲ್ಲಿಟ್ಟು ಇಳಿಬಿಡಬೇಕು. ಆ ಜೇಬಿನಲ್ಲಿ ಬೇರೇನೂ ಇರಕೂಡದು. ಬೀಗದ ಕೈ, ಚಿಲ್ಲರೆ, ಪೆನ್ನು ಟ್ರಿಗರಿಗೆ ಸಿಕ್ಕಿಕೊಂಡರೆ ತೊಡೆಗೇ ಗುಂಡು. ಜೇಬಿನ ನಾರುಧೂಳು ಸೇರದಂತೆ ಆಗಾಗ ಒರೆಸುತ್ತಿರಬೇಕು. ಇಷ್ಟೆಲ್ಲ ಮಾಡಿದರೂ ತೆಳು ಬಟ್ಟೆಯ ಮೇಲೆ ಅದರ ಆಕಾರ ಮೂಡುತ್ತದೆ. ಕೂತಿದ್ದಾಗ, ಅದರಲ್ಲೂ ಕಾರಿನಲ್ಲಿ ಪಟ್ಟಿ ಕಟ್ಟಿಕೊಂಡು ಕೂತಿದ್ದಾಗ, ಬೇಗ ಹೊರತೆಗೆಯಲು ಬಾರದು. ಪುಟ್ಟದಾದ್ದರಿಂದ ಹಾರಿಸಿದಾಗ ಕೈಯಲ್ಲಿ ಜಿಗಿಯುತ್ತದೆ, ಗುರಿ ತಪ್ಪುತ್ತದೆ. ದೊಡ್ಡದನ್ನು ಮುಚ್ಚಿಡಲಾಗದು, ಮುಚ್ಚಿಡಬಹುದಾದ ಚಿಕ್ಕದನ್ನು ಹಾರಿಸುವುದು ಕಷ್ಟ.

ಅದಕ್ಕೆ ಪ್ರತಿಯಾಗಿ ಜೇಬಿನ ಪರವಾಗಿಯೂ ಹೇಳುವುದಿದೆ. ಬ್ಯಾಗನ್ನು ಕಸಿದುಕೊಳ್ಳುತ್ತಾರೆ, ಕುರ್ಚಿಗೆ ನೇತುಹಾಕಿ ಮರೆಯುತ್ತೇವೆ, ಮಕ್ಕಳು ತಡಕಾಡುತ್ತವೆ. ಜೇಬು ಮೈಮೇಲೆಯೇ ಇರುತ್ತದೆ. ಇನ್ನೊಂದು ಅನುಕೂಲ ಮಗಳು ಹೇಳಿದ್ದು: "ಭಯ ಆದಾಗ ಜೇಬಿನೊಳಗೆ ಕೈ ಇಟ್ಟುಕೊಂಡು ನಡೀಬಹುದು ಅಮ್ಮ. ಹೊರಗೆ ತೆಗೀಬೇಕಾಗಿಲ್ಲ, ಯಾರಿಗೂ ಗೊತ್ತಾಗಲ್ಲ. ಭಯ ಪಡಬೇಕಾದ್ದು ಏನೂ ಇಲ್ಲ ಅಂತಾದರೆ ಕೈ ತೆಗೆದರಾಯ್ತು." ಇದು ನನಗೆ ಹಿಡಿಸಿತು. ಚಳಿಗೆ ಜೇಬಿನಲ್ಲಿ ಕೈಯಿಟ್ಟು ನಡೆಯುವ ಹೆಂಗಸಿನ ಹಾಗೆ ಕಾಣಿಸುತ್ತ, ಯಾರನ್ನೂ ಹೆದರಿಸದೆ, ತಾನೂ ಹೆದರದೆ ನಡೆಯುವುದು.

ಆದರೆ ಆಸ್ಪತ್ರೆಯ ಬಾಗಿಲಲ್ಲೂ ಆ ಬೋರ್ಡಿದೆ. ಕೆಲಸಕ್ಕೆ ಹೋಗುವಾಗ ಪಿಸ್ತೂಲನ್ನು ಕಾರಿನೊಳಗೆ ಪುಟ್ಟ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಹೋಗಬೇಕು. ಅಂದರೆ ಆಸ್ಪತ್ರೆಯ ಬಾಗಿಲಿಂದ ಕಾರಿನವರೆಗಿನ ಯಾವ ದಾರಿಗೆಂದು ಅದನ್ನು ಕೊಂಡಳೋ ಆ ದಾರಿಯಲ್ಲೇ ಅದು ಜೊತೆಗಿರುವುದಿಲ್ಲ. ನಾನಿದನ್ನು ಎತ್ತಿ ಆಡಿದಾಗ ಅವಳು ಹೇಳಿದ್ದು ಸುಝಾನಾ ಹಪ್ ಎಂಬಾಕೆಯ ಕತೆ. ಪಿಸ್ತೂಲಿನ ತರಬೇತಿಯಲ್ಲಿ ಕೇಳಿದ್ದಂತೆ.

1991ರ ಅಕ್ಟೋಬರ್ 16ರಂದು ಟೆಕ್ಸಸ್ಸಿನ ಕಿಲೀನ್ ಎಂಬ ಊರಿನಲ್ಲಿ ಆಕೆ ತಂದೆ ತಾಯಿಯ ಜೊತೆ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾಗ, ಒಬ್ಬ ತನ್ನ ವಾಹನವನ್ನು ಕಿಟಕಿಯ ಗಾಜು ಒಡೆದು ಒಳಕ್ಕೇ ನುಗ್ಗಿಸಿ, ಇಳಿದು, ಒಬ್ಬೊಬ್ಬರನ್ನಾಗಿ ಕೊಲ್ಲತೊಡಗಿದ. ಸುಝಾನಾ ತನ್ನ ಪರ್ಸಿಗೆ ಕೈಹಾಕಿದಳು. ಆಗ ನೆನಪಾಯಿತು: ಮುಚ್ಚಿಟ್ಟ ಪಿಸ್ತೂಲಿನೊಂದಿಗೆ ಓಡಾಡಲು ಆಗಿನ ಕಾನೂನು ಬಿಡುತ್ತಿರಲಿಲ್ಲ. ವೈದ್ಯಕೀಯ ವೃತ್ತಿಯಲ್ಲಿದ್ದ ಆಕೆ ತನ್ನ ಲೈಸೆನ್ಸಿಗೆ ಕುತ್ತು ಬಂದೀತೆಂದು ರಿವಾಲ್ವರನ್ನು ಕಾರಿನಲ್ಲೇ ಬಿಟ್ಟಿದ್ದಳು. ತಂದೆ ಕೊಲೆಗಾರನ ಮೇಲೆ ಬರಿಗೈಯಲ್ಲಿ ಏರಿಹೋಗಿ ಬಿದ್ದರು. ಸುಝಾನಾ ಕಿಟಕಿಯಿಂದ ಹಾರಿ ಪಾರಾದಳು, ತಾಯಿ ಹಿಂದೆಯೇ ಬರುತ್ತಿದ್ದಾರೆಂದುಕೊಂಡು. ತಾಯಿ ಬರಲಿಲ್ಲ. ಗಂಡನ ಬಳಿ ನೆಲದ ಮೇಲೆ ಕೂತುಬಿಟ್ಟಿದ್ದರು. ಅವರನ್ನೂ ಅವನು ಕೊಂದ. ಒಟ್ಟು ಇಪ್ಪತ್ತಮೂರು ಜನ ಸತ್ತರು. ಮುಂದೆ ಆಕೆ ಊರೂರಿನ ಶಾಸಕರ ಮುಂದೆ ನಿಂತು ಈ ಕತೆ ಹೇಳಿದಳು. 1995ರಲ್ಲಿ ಟೆಕ್ಸಸ್ಸಿನ ಕಾನೂನು ಬದಲಾಯಿತು. ಮರುವರ್ಷ ಆಕೆಯೇ ಅಲ್ಲಿನ ಶಾಸನಸಭೆಗೆ ಆರಿಸಿಬಂದಳು.

ಈ ಕತೆಗೆ ನನ್ನ ಬಳಿ ಉತ್ತರವಿಲ್ಲ. ಆಕೆಯ ರಿವಾಲ್ವರು ಪರ್ಸಿನಲ್ಲಿದ್ದಿದ್ದರೆ ಇಪ್ಪತ್ತಮೂರೂ ಜನ ಬದುಕುತ್ತಿದ್ದರೋ, ಗಲಿಬಿಲಿಯಲ್ಲಿ ಗುಂಡು ಇನ್ನಾರಿಗೋ ತಗುಲುತ್ತಿತ್ತೋ, ಹೇಳಬಲ್ಲವರು ಯಾರು? ಆದರೆ ತಂದೆ ತಾಯಿಯನ್ನು ಕಣ್ಣೆದುರು ಕಳೆದುಕೊಂಡವಳಿಗೆ 'ಆಯುಧ ಹಿಡಿಯುವುದು ತಪ್ಪಮ್ಮ' ಎಂದು ಮಂಡ್ಯದಲ್ಲೋ ಮೈಸೂರಿನಲ್ಲೋ ಕೂತು ಹೇಳುವುದು ಸುಲಭದ ಮಾತು. ಅಷ್ಟು ಸುಲಭವಾದ ಮಾತನ್ನು ಆಡಲು ನನಗೆ ನಾಚಿಕೆಯಾಯಿತು.

ಇನ್ನೊಂದು ಕತೆ ಹೇಳಿದವನು ಅಳಿಯ. ಅವನಿಗೆ ಮೊದಲಿನಿಂದಲೂ ಈ ಪಿಸ್ತೂಲು ಇಷ್ಟವಿರಲಿಲ್ಲ. "ಅತ್ತೆ, ಇದನ್ನೂ ಕೇಳಿ" ಎಂದು ಒಂದು ರಾತ್ರಿ ಮೆಲ್ಲಗೆ ಹೇಳಿದ. 2014ರ ಡಿಸೆಂಬರ್ 30ರಂದು ಐಡಾಹೊ ರಾಜ್ಯದ ಒಂದು ದೊಡ್ಡ ಅಂಗಡಿಯಲ್ಲಿ ತಾಯಿಯೊಬ್ಬಳು ಸಾಮಾನು ಕೊಳ್ಳುತ್ತಿದ್ದಳು. ತಳ್ಳುಗಾಡಿಯಲ್ಲಿ ಎರಡು ವರ್ಷದ ಮಗ. ಪಿಸ್ತೂಲು ಮುಚ್ಚಿಡಲೆಂದೇ ಪ್ರತ್ಯೇಕ ಜೇಬು ಹೊಲಿದ, ಜಿಪ್ ಇದ್ದ ಪರ್ಸು ಅವಳದು. ಅದು ಆ ಕ್ರಿಸ್‌ಮಸ್ಸಿಗೆ ಗಂಡ ಕೊಟ್ಟ ಉಡುಗೊರೆ. ಮಗು ಪರ್ಸಿಗೆ ಕೈಹಾಕಿತು. ಒಂದೇ ಗುಂಡು. ಆಕೆ ಬೇಜವಾಬ್ದಾರಿಯ ಹೆಂಗಸಲ್ಲ, ಓದಿದವಳು, ಬಂದೂಕು ಹಿಡಿದು ಅಭ್ಯಾಸವಿದ್ದವಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕುರ್ಚಿಗೆ ನೇತುಹಾಕಿದ್ದ ನಮ್ಮ ಮನೆಯ ಬ್ಯಾಗು ಕಣ್ಣ ಮುಂದೆ ತೂಗುತ್ತಿತ್ತು. ಕುರ್ಚಿಯ ಬೆನ್ನು ಎಷ್ಟು ಎತ್ತರವೋ ನಮ್ಮ ಹುಡುಗನೂ ಹೆಚ್ಚುಕಡಿಮೆ ಅಷ್ಟೇ ಎತ್ತರ.

ಎರಡು ಕತೆಯನ್ನೂ ತಕ್ಕಡಿಗೆ ಹಾಕಿ ತೂಗುವುದು ನನ್ನಿಂದಾಗಲಿಲ್ಲ. ಒಬ್ಬಳು ಬಿಟ್ಟು ಬಂದದ್ದಕ್ಕೆ ಜೀವಮಾನವೆಲ್ಲ ಕೊರಗಿದಳು, ಇನ್ನೊಬ್ಬಳು ಇಟ್ಟುಕೊಂಡದ್ದಕ್ಕೆ ಸತ್ತಳು. ಮಲಗಿಕೊಂಡು ಹೀಗೆ ಯೋಚಿಸುತ್ತಿದ್ದಾಗಲೇ ನನ್ನ ಪಿನ್ನಿನ ಕತೆ ನೆನಪಾದದ್ದು.

ಆಗ ನಾನು ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿದ್ದೆ. 1974 ಇರಬೇಕು. ಶನಿವಾರ ಸಂಜೆ ಊರಿಗೆ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹಿಂದಿನಿಂದ ಒಂದು ಕೈ. ಮೊದಲು ನೂಕುನುಗ್ಗಲೆಂದುಕೊಂಡೆ, ಎರಡನೆಯ ಸಲ ಸಂದೇಹವಾಯಿತು, ಮೂರನೆಯ ಸಲ ಸಂದೇಹ ಉಳಿಯಲಿಲ್ಲ. ಬಳೆಯ ಪಿನ್ನು ಬಿಚ್ಚಿ, ತಿರುಗಿ ನೋಡದೆ, ಹಿಂದಕ್ಕೆ ಬಲವಾಗಿ ಚುಚ್ಚಿದೆ. ಅಯ್ಯೋ ಎಂದ ದನಿ ಕೇಳಿ ತಿರುಗಿದರೆ, ಅರವತ್ತು ದಾಟಿದ ಒಬ್ಬ ಹಳ್ಳಿಯ ಮನುಷ್ಯ. ಒಂದು ಕೈಯಲ್ಲಿ ಮೇಲಿನ ಸರಳು, ಇನ್ನೊಂದು ಕೈಯಲ್ಲಿ ತಲೆಯ ಮೇಲಿನ ವೀಳ್ಯದೆಲೆಯ ಬುಟ್ಟಿ. ಎರಡು ಕೈಯೂ ಮೇಲೆಯೇ ಇದ್ದವು! ಪಂಚೆಯ ಮೇಲೆ ಸಾಸಿವೆಯಷ್ಟು ರಕ್ತ ಮೂಡಿ, ನೋಡುತ್ತಿದ್ದಂತೆ ಕಡಲೆಯಷ್ಟಾಯಿತು. ಆತ ನನ್ನನ್ನು ನೋಡಿ "ಯಾಕವ್ವಾ?" ಎಂದ. ಅಷ್ಟೇ. ಬಯ್ಯಲಿಲ್ಲ. ಮುಂದಿನ ನಿಲ್ದಾಣದಲ್ಲಿ, ಆತನ ಪಕ್ಕದಲ್ಲಿ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಇಳಿದು, ನನ್ನತ್ತ ನೋಡಿ ನಕ್ಕು ಹೋದ.

ನಾನು ಆ ಮುದುಕನ ಕ್ಷಮೆ ಕೇಳಲಿಲ್ಲ. ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು, ಅಷ್ಟು ಜನರ ಮುಂದೆ ಹೇಳುವ ಮಾತು ಅದಾಗಿರಲಿಲ್ಲ. ಊರು ಬರುವವರೆಗೂ ತಲೆ ಬಗ್ಗಿಸಿ ನಿಂತಿದ್ದೆ. ಮಾರನೆಯ ಸೋಮವಾರ ಮತ್ತೆ ಬಳೆಗೆ ಪಿನ್ನು ಸಿಕ್ಕಿಸಿಕೊಂಡೇ ಕಾಲೇಜಿಗೆ ಹೋದೆ. ಅದನ್ನೂ ಹೇಳಬೇಕು. ಪಿನ್ನು ಬಿಡಲಿಲ್ಲ, ತಿರುಗಿ ನೋಡಿ ಚುಚ್ಚುವುದನ್ನು ಕಲಿತೆ.

ಆ ದಿನ ನನ್ನ ಕೈಯಲ್ಲಿದ್ದದ್ದು ಪಿನ್ನಲ್ಲದೆ ಬೇರೆಯಾಗಿದ್ದರೆ? ಕಡಲೆಯಷ್ಟು ರಕ್ತಕ್ಕೆ ಅದು ನಿಲ್ಲುತ್ತಿತ್ತೇ? ನನ್ನ ಸಿಟ್ಟು ನ್ಯಾಯವಾದದ್ದೇ ಆಗಿತ್ತು, ಅದು ಹೋಗಿ ತಗುಲಿದ ಜಾಗ ಮಾತ್ರ ತಪ್ಪು. ಆಯುಧವನ್ನು ಮುಚ್ಚಿಟ್ಟುಕೊಂಡು ಓಡಾಡುವವಳು, ತನ್ನ ಸಿಟ್ಟಿಗಿಂತ, ಭಯಕ್ಕಿಂತ ಮೊದಲು ತನ್ನ ಕಣ್ಣನ್ನು ನಂಬಬೇಕಾಗುತ್ತದೆ. ಅದೂ ಅರೆಕ್ಷಣದಲ್ಲಿ, ಅರೆಬೆಳಕಿನಲ್ಲಿ. ಕಾರಿನ ಬಾಗಿಲು ಎಳೆದವನು ಯಾರು ಎಂದು ನಾನು ಮಗಳನ್ನು ಕೇಳಿದೆ. ಅಲ್ಲಿ ಒಂದೇ ಬಣ್ಣದ, ಒಂದೇ ನಮೂನೆಯ ಕಾರುಗಳು ಸಾಲಾಗಿ ನಿಂತಿರುವುದನ್ನು ನಾನೂ ನೋಡಿದ್ದೆ. ತನ್ನ ಕಾರೆಂದುಕೊಂಡು ಎಳೆದ ಯಾವನೋ ರೋಗಿಯ ಅಣ್ಣನೋ ಗಂಡನೋ ಆಗಿರಬಾರದೇ? ಏನೋ ಅಂದ ಎಂದಳಲ್ಲ, ಅದು 'ಕ್ಷಮಿಸಿ' ಎಂದಿರಬಾರದೇ?

ಅವಳು ಬಹಳ ಹೊತ್ತು ಸುಮ್ಮನಿದ್ದಳು. "ನಾನೂ ಅದನ್ನ ಸಾವಿರ ಸಲ ಯೋಚಿಸಿದೀನಿ ಅಮ್ಮ. ಇರಬಹುದು. ಆದರೆ ನಿನಗೆ ಆ ಮುದುಕನಿಗೆ ಚುಚ್ಚಿ, ತಪ್ಪು ಮಾಡಿ, ಮನೆಗೆ ಬರೋ ಅವಕಾಶ ಇತ್ತು. ಬಸ್ಸಿನ ತುಂಬ ಜನ ಇದ್ದರು. ಅವನು ಬೇರೆ ಥರದವನೇ ಆಗಿದ್ದು ಬಾಗಿಲು ತೆರಕೊಂಡಿದ್ದಿದ್ರೆ, ನನ್ನ ಕೈಲಿ ಪಿನ್ನು ಇದ್ದು ಏನು ಪ್ರಯೋಜನ?"

ಅವಳ ಮಾತು ಸುಳ್ಳಲ್ಲ. ಹೆಣ್ಣಿಗೆ ಇರುವ ಅನ್ಯಾಯವೇ ಇದು ಎಂದು ನನಗೆ ತೋರುತ್ತದೆ. ತಪ್ಪು ಮಾಡುವವನು ಬೇರೆ, ಆದರೆ ಒಂದು ಕ್ಷಣದಲ್ಲಿ ತಪ್ಪಿಲ್ಲದ ತೀರ್ಮಾನ ಮಾಡಬೇಕಾದವಳು ಅವಳು. ಆಯುಧವಿಲ್ಲದಿದ್ದರೆ 'ಎಚ್ಚರಿಕೆಯಿಂದಿರಬಾರದಿತ್ತೇ' ಎನ್ನುತ್ತಾರೆ. ಆಯುಧವಿದ್ದು ಕೈ ತಪ್ಪಿದರೆ 'ಹೆಂಗಸಿಗೇಕೆ ಬೇಕಿತ್ತು' ಎನ್ನುತ್ತಾರೆ.

ನಮ್ಮ ದೇಶದಲ್ಲೂ ಈ ಮಾತು ಬಂದು ಹೋಗಿದೆ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ಆ ಹುಡುಗಿಗೆ ಆದ ಘೋರವನ್ನು ಯಾರೂ ಮರೆತಿಲ್ಲ. ಅದಾಗಿ ಒಂದು ವರ್ಷ ಕಳೆದ ಮೇಲೆ, 2014ರ ಆರಂಭದಲ್ಲಿ, ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ಹೆಂಗಸರಿಗೆಂದೇ ಅರ್ಧ ಕಿಲೋ ತೂಕದ 'ನಿರ್ಭೀಕ್' ಎಂಬ ರಿವಾಲ್ವರನ್ನು ಹೊರತಂದಿತು. ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರಕ್ಕೂ ಮೇಲೆ. ಕೊಂಡವರಿಗೆ ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದರಂತೆ. ನನಗೆ ಸಿಟ್ಟು ಬಂದದ್ದು ಆ ಪೆಟ್ಟಿಗೆಯ ಮೇಲೆ. ರಾತ್ರಿ ಪಾಳಿ ಮುಗಿಸಿ ಗಾರ್ಮೆಂಟ್ಸ್ ಕಾರ್ಖಾನೆಯಿಂದ ನಡೆದು ಬರುವ ಹುಡುಗಿಗೆ ಇಷ್ಟು ದುಡ್ಡು ಎಲ್ಲಿಂದ ಬರಬೇಕು? ದುಡ್ಡಿದ್ದರೂ 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಲೈಸೆನ್ಸಿಗೆ ಅರ್ಜಿ ಹಾಕಿ, ಪೊಲೀಸರ ವಿಚಾರಣೆ ಮುಗಿದು, ಅಧಿಕಾರಿಗಳ ಮನಸ್ಸಿಗೆ ಒಪ್ಪಿಗೆಯಾಗಬೇಕು. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರಬೇಕಾಗುವುದೂ ಉಂಟು.

ಕಾನೂನು ಹೆಣ್ಣಿನ ಕೈ ಕಟ್ಟಿಹಾಕಿದೆ ಎಂದು ತಿಳಿಯಬೇಡಿ. ಹಳೆಯ ದಂಡಸಂಹಿತೆಯಲ್ಲೂ ಇತ್ತು, 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ: ಅತ್ಯಾಚಾರಕ್ಕೆ, ಅಪಹರಣಕ್ಕೆ, ಆಸಿಡ್ ಎರಚಲು ಬಂದವನಿಂದ ತಪ್ಪಿಸಿಕೊಳ್ಳಲು ಅವನ ಪ್ರಾಣ ಹೋಗುವಷ್ಟರ ಮಟ್ಟಿಗೂ ಎದುರಿಸುವ ಹಕ್ಕಿದೆ. ಆದರೆ ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚಿನ ಕೇಡು ಮಾಡಕೂಡದು ಎಂದೂ ಅದೇ ಕಾನೂನು ಹೇಳುತ್ತದೆ. ಬೇಕಾದಷ್ಟೇ ಗುಂಡು ಹಾರಿಸುವ ಪಿಸ್ತೂಲನ್ನು ಯಾವ ಕಾರ್ಖಾನೆಯೂ ಇನ್ನೂ ಮಾಡಿಲ್ಲ.

ಇನ್ನೊಂದು ಮಾತನ್ನು ಹೇಳಲು ಬಾಯಿ ಹಿಂಜರಿಯುತ್ತದೆ. ನಮ್ಮ ದೇಶದ ಅಪರಾಧ ದಾಖಲೆಗಳು ವರ್ಷವರ್ಷವೂ ಹೇಳುವಂತೆ ಅತ್ಯಾಚಾರದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕೂ ಮೀರಿ ಆರೋಪಿ ಆಕೆಗೆ ಗೊತ್ತಿದ್ದವನೇ. ನೆಂಟ, ನೆರೆಯವ, ಮೇಷ್ಟ್ರು, ಯಜಮಾನ. ಅವನ ಎದುರಿಗೆ ಕಾಫಿ ಲೋಟ ಹಿಡಿದು ಹೋಗುತ್ತೇವೆಯೇ ಹೊರತು ಜೇಬಿನಲ್ಲಿ ಕೈಯಿಟ್ಟುಕೊಂಡು ಹೋಗುವುದಿಲ್ಲ. ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮಗೆ ತಾವೇ ಗುಂಡಿಟ್ಟುಕೊಂಡವರು ಎಂಬುದನ್ನು ತಿಳಿದಾಗಿನಿಂದ, ಮಗಳು ಒಂದು ದಿನ ಸಪ್ಪಗಿದ್ದರೂ ನನ್ನ ಕಣ್ಣು ಆ ಉಕ್ಕಿನ ಪೆಟ್ಟಿಗೆಯ ಕಡೆಗೇ ಹೋಗುತ್ತಿತ್ತು. ಇದನ್ನು ಅವಳಿಗೆ ನಾನು ಇವತ್ತಿಗೂ ಹೇಳಿಲ್ಲ. ಮುಚ್ಚಿಡುವ ಕೆಲಸ ಹೀಗೆ ನನಗೂ ಅಂಟಿಕೊಂಡಿತು.

ನನಗೆ ಒಗ್ಗದೆ ಹೋದದ್ದು ಬಹುಶಃ ಆಯುಧವಲ್ಲ, ಅದನ್ನು ಮುಚ್ಚಿಡುವುದು. ಕೊಡಗಿನ ಗೆಳತಿಯೊಬ್ಬಳ ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ತೊಳೆದು, ಒರೆಸಿ, ಸಾಲಾಗಿಟ್ಟು, ಕೋವಿಯ ಹೂವೆಂದೇ ಕರೆಯುವ ಕೆಂಪು ಹಳದಿಯ ತೋಕ್‌ಪೂವಿನಿಂದ ಸಿಂಗರಿಸಿದ್ದನ್ನು ನಾನು ನೋಡಿದ್ದೇನೆ. ಆ ಕೋವಿಗಳನ್ನು ನೋಡಿ ನನಗೆ ಭಯವಾಗಿರಲಿಲ್ಲ. ಎಷ್ಟಿವೆ, ಯಾರವು, ಎಲ್ಲಿವೆ ಎಂಬುದು ಮನೆಯ ಮಕ್ಕಳಿಗೂ ಬಂದ ನೆಂಟರಿಗೂ ಗೊತ್ತಿತ್ತು. ಜೇಬಿನ ಪಿಸ್ತೂಲಿನದು ಬೇರೆ ಬಾಳು. ಅದರ ಜೊತೆ ಮಗಳು ಅಂಗಡಿಗೆ ಬಂದಾಗ ಅವಳ ಕಣ್ಣು ಒಬ್ಬೊಬ್ಬರನ್ನೂ ಅಳೆಯುತ್ತಿದ್ದುದನ್ನು ಗಮನಿಸಿದ್ದೇನೆ. ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಯಾರಾದರೂ ದಾರಿ ಕೇಳಲು ಹತ್ತಿರ ಬಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ನೀನು ಮೊದಲು ಹೀಗಿರಲಿಲ್ಲ ಎಂದರೆ, ಮೊದಲು ಭಯ ಇತ್ತು, ಈಗ ಎಚ್ಚರ ಇದೆ, ಅಷ್ಟೇ ಎಂದಳು. ಎರಡೂ ಹೊರಗಿನಿಂದ ನೋಡುವವರಿಗೆ ಒಂದೇ ಥರ ಕಾಣುತ್ತಿದ್ದವು.

ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಬನ್ನಿಯ ಮರದಲ್ಲಿ ಕಟ್ಟಿಟ್ಟ ಕತೆ ನಮಗೆಲ್ಲ ಗೊತ್ತು. ಯಾರೂ ಹತ್ತಿರ ಬರದಿರಲೆಂದು ಅಲ್ಲೊಂದು ಹೆಣವನ್ನೂ ಕಟ್ಟಿ, ಅದು ತಮ್ಮ ಮುದಿ ತಾಯಿಯ ಶವವೆಂದು ದನ ಕಾಯುವವರಿಗೆ ಹೇಳಿದರಂತೆ. ಆಯುಧ ಬಚ್ಚಿಡಲು ತಾಯಿಯ ಹೆಣದ ಸುಳ್ಳು ಬೇಕಾಯಿತು! ಚಿಕ್ಕಂದಿನಲ್ಲಿ ಕೇಳಿದಾಗ ಇದು ಜಾಣತನವೆನಿಸಿತ್ತು.

ಆ ವರ್ಷದ ಆಯುಧಪೂಜೆ ಅಕ್ಟೋಬರ್ 4ರಂದು ಬಂತು. ಅಡಿಗೆಮನೆಯ ಕಟ್ಟೆ ಒರೆಸಿ, ಈಳಿಗೆಮಣೆ ಇಲ್ಲದ್ದರಿಂದ ಚಾಕುಗಳನ್ನೇ ಸಾಲಾಗಿಟ್ಟೆ. ಮಿಕ್ಸಿ, ಕತ್ತರಿ, ಅಳಿಯನ ಕಂಪ್ಯೂಟರು, ಎರಡು ಕಾರಿನ ಬೀಗದ ಕೈಗಳು, ಮೊಮ್ಮಗನ ಮೂರುಗಾಲಿ ಸೈಕಲ್ಲು. ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟೆ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅದನ್ನೂ ಇಡಲಾ ಅ��್ಮ?"

ಬೇಡ ಎನ್ನಲು ಬಾಯಿ ತೆರೆದವಳು "ಇಡು" ಎಂದೆ. ಅವಳು ಗುಂಡು ತೆಗೆದಿರಿಸಿ, ಪೆಟ್ಟಿಗೆಗೆ ಬೀಗ ಹಾಕಿ ತಂದು ಚಾಕುಗಳ ಪಕ್ಕ ಇಟ್ಟಳು. ನಾನು ಪೆಟ್ಟಿಗೆಗೆ ಕುಂಕುಮ ಹಚ್ಚಿದೆ. ಹುಡುಗ ಒಂದೊಂದನ್ನೇ ಬೆರಳು ಮಾಡಿ ತೋರಿಸುತ್ತ ಹೆಸರು ಹೇಳುತ್ತಿದ್ದ. ಚಾಕು, ಮಿಕ್ಸಿ, ಅಪ್ಪನ ಕಂಪ್ಯೂಟರ್. ಪೆಟ್ಟಿಗೆಯ ಹತ್ತಿರ ಬಂದು, "ಇದರೊಳಗೆ ಏನಿದೆ ಅಜ್ಜಿ?" ಎಂದ.

"ಅಮ್ಮನ ಆಸ್ಪತ್ರೆ ಸಾಮಾನು ಪುಟ್ಟಾ" ಎಂದೆ. ಅವನು ನಂಬಿದ. ತಟ್ಟೆಯಿಂದ ಒಂದು ಸೇವಂತಿಗೆ ತೆಗೆದು ತಾನೇ ಅದರ ಮೇಲಿಟ್ಟ.

ಸಂಜೆ ಪಾಳಿಗೆ ಹೊರಟಾಗ ಮಗಳು ಕಟ್ಟೆಯ ಮುಂದೆ ನಿಂತಳು. "ಪೂಜೆಗಿಟ್ಟದ್ದನ್ನ ಇವತ್ತು ಮುಟ್ಟಬಾರದು ಅಲ್ವಾ ಅಮ್ಮ?" ಎಂದಳು. ಹೌದೆಂದೂ ಇಲ್ಲವೆಂದೂ ನಾನು ಹೇಳಲಿಲ್ಲ. ಅವಳು ಕಾರಿನ ಬೀಗದ ಕೈ ತೆಗೆದುಕೊಂಡಳು. ಪೆಟ್ಟಿಗೆಯ ಮೇಲಿನ ಹೂವನ್ನು ಒಂದು ಸಲ ಮುಟ್ಟಿ, ಅದನ್ನು ಅಲ್ಲೇ ಬಿಟ್ಟು ಹೊರಟಳು.

ಐದು ತಿಂಗಳಿಂದ ಅದನ್ನು ಮನೆಯಲ್ಲೇ ಬಿಟ್ಟು ಹೋಗು ಎಂದು ಗೋಗರೆದವಳು ನಾನು. ಇದ್ದಿದ್ದರೂ ಆಸ್ಪತ್ರೆಯ ಬಾಗಿಲಿಂದ ಕಾರಿನವರೆಗೆ ಅದು ಜೊತೆಗಿರುತ್ತಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಹುಡುಗನನ್ನು ಮಲಗಿಸಿ ದೀಪ ಆರಿಸಿದೆ. ಹನ್ನೆರಡಾಯಿತು, ನಾಲ್ಕಾಯಿತು. ನಾಲ್ಕು ಗಂಟೆಗೆ ಎದ್ದು ಹೋಗಿ ಪೆಟ್ಟಿಗೆಯನ್ನು ನೋಡಿ ಬಂದೆ. ಬೆಳಿಗ್ಗೆ ಏಳೂ ಮುಕ್ಕಾಲಿಗೆ ಗ್ಯಾರೇಜಿನ ಬಾಗಿಲು ಮೇಲೇಳುವ ಸದ್ದು ಕೇಳುವವರೆಗೂ ನಾನು ಕಣ್ಣು ಮುಚ್ಚಲಿಲ್ಲ.